ಗುಡ್ಡಪ್ಪ ಮತ್ತು ಹನ್ನೆರಡು ಸಾವಿರದ ನಾನೂರಾ ಎಂಬತ್ತನಾಲ್ಕು ಮಂದಿ

ಬಂಕಾಪುರದ ಕೋಟೆಯಿಂದ ಮೂರು ಮೈಲು ಒಳಕ್ಕೆ ಹೋದರೆ ಸಿಗುವ ಆ ಸಣ್ಣ ಊರಿನಲ್ಲಿ ಗುಡ್ಡಪ್ಪ ಎಂಬ ಹೆಸರಿನವರು ನಾಲ್ವರಿದ್ದರು. ಟ್ರ್ಯಾಕ್ಟರ್ ಓಡಿಸುವವನು ಡ್ರೈವರ್ ಗುಡ್ಡಪ್ಪ. ಎಮ್ಮೆ ಕಟ್ಟಿದವನು ಎಮ್ಮಿ ಗುಡ್ಡಪ್ಪ. ಎಮ್ಮೆ ಮಾರಿ ಹನ್ನೊಂದು ವರ್ಷವಾಗಿದ್ದರೂ ಅವನು ಎಮ್ಮಿ ಗುಡ್ಡಪ್ಪನೇ. ಪಂಚಾಯತಿ ಚುನಾವಣೆಗೆ ಒಮ್ಮೆ ನಿಂತು ಸೋತವನು ಮೆಂಬರ್ ಗುಡ್ಡಪ್ಪ. ನಮ್ಮ ಕಥೆಯ ಗುಡ್ಡಪ್ಪ ಏನನ್ನೂ ಓಡಿಸಿದವನಲ್ಲ, ಏನನ್ನೂ ಕಟ್ಟಿದವನಲ್ಲ, ಸೋಲುವುದಕ್ಕಾದರೂ ಎಲ್ಲಿಯೂ ನಿಂತವನಲ್ಲ. ಎರಡು ಎಕರೆ ಗೋವಿನಜೋಳ ಬೆಳೆದುಕೊಂಡು ತಣ್ಣಗೆ ಇದ್ದವನು. ಆದ್ದರಿಂದ ಊರು ಅವನನ್ನು ‘ಇನ್ನೊಬ್ಬ ಗುಡ್ಡಪ್ಪ’ ಎಂದು ಕರೆಯುತ್ತಿತ್ತು.

ಈ ‘ಇನ್ನೊಬ್ಬ’ ಎಂಬ ಮಾತು ಅವನಿಗೆ ಕಾಲಿಗೆ ಚುಚ್ಚಿದ ಜಾಲಿಮುಳ್ಳಾಗಿತ್ತು. ಮದುವೆ ಕಾರ್ಡು ಹಂಚುವವರು ಅವನ ಮನೆಯ ಮುಂದೆಯೇ ನಿಂತು, "ಇನ್ನೊಬ್ಬ ಗುಡ್ಡಪ್ಪಗ?" ಎಂದು ತಮ್ಮತಮ್ಮಲ್ಲೇ ಕೇಳಿಕೊಂಡು, "ಕಡೀಕ ಒಂದು ಉಳಿದ್ರ ಕೊಡೂಣು ತಗೋ" ಎಂದು ಮುಂದೆ ಹೋಗುತ್ತಿದ್ದರು. ಉಳಿಯುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಅವನು ಸವಣೂರಿನಲ್ಲಿ ಹೊಸ ಮೊಬೈಲ್ ಕೊಂಡಾಗ ಅಂಗಡಿಯ ಇಸಾಕನ ಮುಂದೆ ಈ ದುಃಖವನ್ನು ತೋಡಿಕೊಂಡ. ಇಸಾಕ ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಗೆ ಸರಿಸಿ ಅಭಯ ಕೊಟ್ಟ.

"ಗುಡ್ಡಪ್ಪಣ್ಣ, ನಿಮ್ಮ ಹೆಸರಿನ ಮುಂದ ಒಂದು ಮಾರ್ಕ್ ಹಾಕಿಕೊಡ್ತೇನಿ. ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ, ಈ ನಾಕೂ ತಾಲೂಕಿನ್ಯಾಗ ಯಾರ ಕಡೆನೂ ಇಲ್ಲ. ನೋಡ್ರಿ."

ಮೊಬೈಲಿನಲ್ಲಿ ಮೂಡಿತು: ಗುಡ್ಡಪ್ಪ ツ

ಎರಡು ಸಣ್ಣ ಗೆರೆ ಕಣ್ಣು, ಕೆಳಗೆ ಬಾಗಿದ ಉದ್ದ ಗೆರೆ ಬಾಯಿ. ಸ್ವಲ್ಪ ವಾಲಿಕೊಂಡು ನಗುತ್ತಿರುವ ಮುಖ. ಗುಡ್ಡಪ್ಪ ಅದನ್ನು ನೋಡಿದ, ಅದು ಅವನನ್ನು ನೋಡಿತು, ಇಬ್ಬರೂ ನಕ್ಕರು. ಅಂದಿನಿಂದ ಅವನು ಬೇರೆಯೇ ಮನುಷ್ಯನಾದ. ವಾಟ್ಸಾಪಿನಲ್ಲಿ ನಾಲ್ವರು ಗುಡ್ಡಪ್ಪಂದಿರಲ್ಲಿ ನಗುವವನು ಇವನೊಬ್ಬನೇ. ಪೇಟೆಯ ಭಾಂಡೆ ಅಂಗಡಿಗೆ ಹೋಗಿ ಹೊಸ ತಂಬಿಗೆಯ ಮೇಲೂ ಅದನ್ನು ಕೊರೆಸಿದ. ಹೆಸರು ಕೊರೆಯುವವನು, "ಇದೇನ್ರಿ, ಹೆಸರು ಮುಗದ ಮ್ಯಾಲೆ ಮಿಷನ್ ಜಾರಿದಂಗ ಕಾಣ್ತೈತಿ" ಎಂದ. ಹೆಂಡತಿ ಮಲ್ಲಿಕಾ, "ಹೌದು, ಎಲ್ಲೋ ಏನೋ ಜಾರೇತಿ" ಎಂದಳು. ಕಲೆಯ ವಿಷಯದಲ್ಲಿ ಜನ ಯಾವತ್ತೂ ಹಿಂದೆಯೇ ಎಂದು ಗುಡ್ಡಪ್ಪ ಇಬ್ಬರನ್ನೂ ಕ್ಷಮಿಸಿದ.

ಆದರೆ ಅದೇ ವರ್ಷ ಅವನು ಇನ್ನೊಂದು ಕೆಲಸ ಮಾಡಿದ್ದ. ತಂದೆ ತೀರಿಕೊಂಡಿದ್ದರಿಂದ ಹೊಲಕ್ಕೆ ವಾರಸಾ ಮಾಡಿಸಬೇಕಾಗಿತ್ತು. ಅರ್ಜಿ ತುಂಬುವ ಖಾಸಗಿ ಕಂಪ್ಯೂಟರ್ ಅಂಗಡಿಯವನು ಹೆಸರು ಕೇಳಿದಾಗ, ಊರಿನ ಉಳಿದ ಮೂವರು ಗುಡ್ಡಪ್ಪಂದಿರು ಕಣ್ಣ ಮುಂದೆ ಬಂದು, "ತಪ್ಪಬಾರದು ನೋಡ್ರಿ. ನನ್ನ ಹೆಸರನ್ನ ನಾನ ವಾಟ್ಸಾಪಿನ್ಯಾಗ ಕಳಸ್ತೇನಿ. ಇದ್ದದ್ದು ಇದ್ದಂಗ ಹಾಕ್ರಿ" ಎಂದು ಅಪ್ಪಣೆ ಕೊಟ್ಟಿದ್ದ. ಅಂಗಡಿಯವನು ಇದ್ದದ್ದು ಇದ್ದಂಗೇ ಹಾಕಿದ. ಮನುಷ್ಯ ಜಾಗರೂಕನಾಗಿರಬೇಕು, ಆದರೆ ಇಷ್ಟು ಜಾಗರೂಕನಾಗಬಾರದು.

ಈಗ ಅಕ್ಕನ ವಿಷಯ ಹೇಳಬೇಕು. ಗುಡ್ಡಪ್ಪನ ಅಕ್ಕ ಶೇಖವ್ವ ಹಿರೇಕೆರೂರಿನವಳು, ಅಂದರೆ ಅಲ್ಲಿಗೆ ಕೊಟ್ಟವಳು. ಗಂಡ ಹೋದ ಮೇಲೆ ಖಡಕ್ ರೊಟ್ಟಿ ಬಡಿದು ಮಾರಿ ಬದುಕು ನಡೆಸುತ್ತಿದ್ದಳು. ತಂದೆ ಸಾಯುವ ಮುಂಚೆ, "ರಸ್ತೆ ಕಡೀದು ಹತ್ತು ಗುಂಟೆ ಶೇಖವ್ವಗ" ಎಂದಿದ್ದರು. ಅಲ್ಲಿ ಒಂದು ಶೆಡ್ಡು ಹಾಕಿ, ನಾಲ್ಕು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು, ಹೈವೇ ಹೋಟೆಲುಗಳಿಗೆ ರೊಟ್ಟಿ ಕೊಡಬೇಕೆಂಬುದು ಅವಳ ಲೆಕ್ಕ. ವಾರಸಾ ಕಾಗದದಲ್ಲಿ ಮಾತ್ರ, ಎರಡೆರಡು ಸಲ ಓಡಾಡುವುದು ಬೇಡ ಎಂದು, ಎಲ್ಲವನ್ನೂ ತಮ್ಮನ ಹೆಸರಿಗೇ ಮಾಡಲು ನಂಬಿಕೆಯಿಂದ ಸಹಿ ಹಾಕಿದ್ದಳು. "ಪಂಚಮಿಯೊಳಗ ನಿನ್ನ ಹೆಸರಿಗೆ ಮಾಡಿಕೊಡ್ತೇನಿ ಅಕ್ಕಾ" ಎಂದಿದ್ದ ಗುಡ್ಡಪ್ಪ. ಮೊದಲ ಪಂಚಮಿಗೆ ಹೊಲದ ದಾಖಲೆ ನೋಡುವ ತಲಾಠಿಯ ವರ್ಗವಾಯಿತು. ಎರಡನೆಯ ಪಂಚಮಿಗೆ ಸರ್ವರ್ ಇರಲಿಲ್ಲ. ಇದು ಮೂರನೆಯದು.

ಪಂಚಮಿಯಲ್ಲಿ ನಾಗಪ್ಪನಿಗೆ ಹಾಲೆರೆಯುವಾಗ ಮನೆಮಂದಿಯ ಹೆಸರು ಹಿಡಿದು ಅಪ್ಪನ ಪಾಲು, ಅವ್ವನ ಪಾಲು ಎನ್ನುತ್ತ ಎರೆಯುವುದುಂಟಲ್ಲ, ಶೇಖವ್ವ ‘ತಮ್ಮನ ಪಾಲು’ ಎನ್ನುವುದನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ಕಳೆದ ಸಲ ಮಾತ್ರ ಎರೆದು ಮುಗಿಸಿ, "ನಿನ್ನ ಪಾಲು ನಾ ವರ್ಷಾ ಕೊಡಾಕತ್ತೇನಿ. ನನ್ನ ಪಾಲು ನೀ ಯಾವಾಗ ಕೊಡ್ತಿಯೋ ಗುಡ್ಡ್ಯಾ?" ಎಂದಿದ್ದಳು. ಅದನ್ನು ನೆನೆದರೆ ಗುಡ್ಡಪ್ಪನಿಗೆ ಈಗಲೂ ತುತ್ತು ಇಳಿಯುತ್ತಿರಲಿಲ್ಲ.

ಹಾಗಾಗಿ ಈ ಸಲ ಹನ್ನೆರಡು ದಿನ ಮುಂಚೆಯೇ ಉತಾರ ತೆಗೆಸಿಕೊಂಡು ತಲಾಠಿ ಫಕ್ಕೀರೇಶ ಅವರ ಮುಂದೆ ನಿಂತ. ಹೊಲದ ಹಕ್ಕು ಯಾರದು ಎಂದು ಹೇಳುವ ಕಾಗದ ಅದು. ಫಕ್ಕೀರೇಶ ಅದನ್ನು ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು, ಕೊನೆಗೆ ಬೆಳಕಿಗೆ ಹಿಡಿದರು.

"ಗುಡ್ಡಪ್ಪ, ಇದು ಜಂಟಿ ಖಾತೆ ಐತಲ್ಲೋ!"

"ಇಲ್ರಿ ಸಾಹೇಬ್ರ. ನನ್ನ ಒಬ್ಬನ ಹೆಸರಿಗೆ ಐತ್ರಿ."

"ನೀ ಹೇಳೂದು ಹಂಗ, ಕಾಗದ ಹೇಳೂದು ಹಿಂಗ. ಓದಿಲ್ಲಿ."

ಗುಡ್ಡಪ್ಪ ಓದಿದ. ಮಾಲೀಕರ ಹೆಸರಿನ ಕಲಮಿನಲ್ಲಿ ಹೀಗಿತ್ತು: ಗುಡ್ಡಪ್ಪ ツ

"ಇದು ನೋಡು, ಈ ಸುರುಳಿ, ಇದಕ್ಕ ‘ಮತ್ತು’ ಅಂತಾರ" ಎಂದು ಫಕ್ಕೀರೇಶ ಪೆನ್ನಿನ ತುದಿಯಿಂದ ಪಾಠ ಶುರುಮಾಡಿದರು. "ಇದು ನಂಬರ್ ಗುರುತು. ಮುಂದ ನಂಬರ್. ಅಂದ್ರ ‘ಗುಡ್ಡಪ್ಪ ಮತ್ತು ಹನ್ನೆರಡು ಸಾವಿರದ ನಾನೂರಾ ಎಂಬತ್ನಾಲ್ಕು ಮಂದಿ’. ಕೋರ್ಟಿನ ಕಾಗದದಾಗ ‘ಮತ್ತು ಇತರರು’ ಅಂತ ಬರಿಯೂದಿಲ್ಲೇನು? ಇವರು ಎಣಿಸಿ ಬರದಾರ."

ಗುಡ್ಡಪ್ಪ ಕಾಗದವನ್ನು ತಿರುಗಿಸಿ ಹಿಂದಿನ ಬದಿಯನ್ನೂ ನೋಡಿದ. "ಅಷ್ಟು ಮಂದಿ ಎಲ್ಲಿಂದ ಬಂದ್ರು ರೀ? ನಮ್ಮ ಊರಿನ ಜನಸಂಖ್ಯಾನ ಎರಡು ಸಾವಿರ!"

"ಅದು ನಿಮ್ಮ ಹಿರ್ಯಾರನ್ನ ಕೇಳಬೇಕು. ಮತ್ತ ಇಲ್ಲಿ ನೋಡು, ಕಡೀಕ ಅರ್ಧವಿರಾಮ ಐತಿ. ಪೂರ್ಣವಿರಾಮ ಅಲ್ಲ. ಅಂದ್ರ ಇನ್ನೂ ಅದಾರ, ಜಾಗಾ ಸಾಲದ ಬಿಟ್ಟಾರ."

"ಈಗ ಅಕ್ಕಗ ಹತ್ತು ಗುಂಟೆ..."

"ಕೊಡಾಕ ಅಡ್ಡಿ ಇಲ್ಲ. ಎಲ್ಲಾ ಪಾಲುದಾರರ ಒಪ್ಪಿಗಿ ಸಹಿ ತಗೊಂಡ್ ಬಾ. ಆಧಾರ್ ಝೆರಾಕ್ಸ್ ಎರಡೆರಡು ಪ್ರತಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರಿಗೆ ಇಷ್ಟು ಸುದ್ದಿ ಸಾಕಾಗಿತ್ತು. ಗುಡ್ಡಪ್ಪ ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಅವನ ದೊಡ್ಡಪ್ಪನ ಮಗ ಹುಲಗೇಶ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಭಾಗಾಕಾರ ಮಾಡುತ್ತಿದ್ದ. ಹುಲಗೇಶ ಹತ್ತು ವರ್ಷದಿಂದ ಗುಡ್ಡಪ್ಪನ ಜೊತೆ ಮಾತು ಬಿಟ್ಟಿದ್ದವನು. ರಕ್ತಸಂಬಂಧ ದೊಡ್ಡದು, ಪಾಲು ಇದೆ ಎಂದ ಕೂಡಲೇ ಮಾತು ತಾನಾಗಿ ಬಂತು.

"ತಮ್ಮಾ ಗುಡ್ಡಪ್ಪ, ಲೆಕ್ಕಾ ಹಾಕಿದೆ. ಒಬ್ಬೊಬ್ಬರಿಗೆ ಏಳು ಚದರ ಅಡಿಗೆ ಚೂರು ಕಮ್ಮಿ ಬರ್ತೈತಿ. ಹನ್ನೆರಡು ಸಾವಿರ ಮಂದ್ಯಾಗ ನಾ ಒಬ್ಬ ಇಲ್ಲಂತ ಹೆಂಗ ಹೇಳ್ತಿ? ನನಗ ಬೋರಿನ ಹತ್ರ ಕೊಡು."

"ಏಳಡಿಯೊಳಗ ಏನ್ ಮಾಡ್ತಿ ಅಣ್ಣಾ? ಕಂಬಳಿ ಹಾಸಾಕೂ ಬರಂಗಿಲ್ಲ."

"ಹುಂಜ ಕಟ್ಟಬಹುದು" ಎಂದ ಹುಲಗೇಶ ಬಹಳ ಯೋಚಿಸಿ.

ಮರುದಿನ ಬೆಳಿಗ್ಗೆ ಗೋವಿನಜೋಳದ ನಡುವೆ ಒಂದು ಗೂಟ, ಗೂಟಕ್ಕೆ ಒಂದು ಕೆಂಪು ಹುಂಜ. ಕಬ್ಜಾ ಸ್ಥಾಪನೆಯಾಯಿತು ಎಂದು ಅದು ಊರಿಗೆಲ್ಲ ಕೂಗಿ ಹೇಳಿತು. ಮಧ್ಯಾಹ್ನಕ್ಕೆ ಎಮ್ಮಿ ಗುಡ್ಡಪ್ಪ, ಎಮ್ಮೆ ಇಲ್ಲದ್ದರಿಂದ ಆಡು ತಂದು ಕಟ್ಟಿದ. ಮೆಂಬರ್ ಗುಡ್ಡಪ್ಪ ಒಂದು ಕಲ್ಲು ನೆಟ್ಟು, ಉಳಿದವರ ಪರವಾಗಿ ತಾನು ಮಾತಾಡುತ್ತೇನೆ ಎಂದ. ಸಂಜೆಯ ಹೊತ್ತಿಗೆ ಹದಿನಾಲ್ಕು ಗೂಟಗಳಾಗಿದ್ದವು. ಬಂಕಾಪುರದ ಕೋಟೆಯಿಂದ ಬಂದ ಎರಡು ನವಿಲುಗಳು ಮೇಯುತ್ತಿದ್ದವು. ಅವನ್ನು ಓಡಿಸಲು ಹೋದ ಮಲ್ಲಿಕಾಳಿಗೆ ಹುಲಗೇಶ, "ಬಿಡವಾ, ಅವೂ ಲೆಕ್ಕದಾಗ ಇದ್ರ?" ಎಂದ.

ಗುಡ್ಡಪ್ಪ ಮಾತ್ರ ಊಟ ಬಿಟ್ಟು ಒಂದು ಪಟ್ಟಿ ಬರೆಯುತ್ತಿದ್ದ. ಬೀಗರು, ಬೀಗರ ಬೀಗರು, ಸತ್ತವರು, ಊರು ಬಿಟ್ಟವರು, ಎಲ್ಲ ಸೇರಿ ನೂರಾ ಎಂಬತ್ತಾರಕ್ಕೆ ಬಂದು ನಿಂತಿತು. ಇನ್ನೂ ಹನ್ನೆರಡು ಸಾವಿರದ ಇನ್ನೂರಾ ತೊಂಬತ್ತೆಂಟು ಮಂದಿ ಸಿಗಬೇಕಾಗಿತ್ತು.

"ಏನ್ರಿ, ಊಟಾ ಮಾಡ್ರಿ" ಎಂದಳು ಮಲ್ಲಿಕಾ.

"ಬಾದಾಮಿ ಕಡೆ ನಮ್ಮವರು ಯಾರರ ಅದಾರೇನು?" ಎಂದು ಕೇಳಿದ ಗುಡ್ಡಪ್ಪ.

ಸುದ್ದಿ ಹಿರೇಕೆರೂರಿನ ಸಂತೆಯನ್ನೂ ಮುಟ್ಟಿತು. ಪಂಚಮಿಗೆ ಇನ್ನೂ ಒಂಬತ್ತು ದಿನವಿರುವಾಗಲೇ ಶೇಖವ್ವ ತಲೆಯ ಮೇಲೆ ರೊಟ್ಟಿಯ ಗಂಟು ಹೊತ್ತು ಅಂಗಳದಲ್ಲಿ ನಿಂತಳು. ಗಂಟು ಇಳಿಸಲಿಲ್ಲ. ಮಲ್ಲಿಕಾ ಕೊಟ್ಟ ನೀರು ಮುಟ್ಟಲಿಲ್ಲ.

"ಲೇ ಗುಡ್ಡ್ಯಾ. ಮೊದಲನೇ ವರ್ಷ ತಲಾಠಿ ಇಲ್ಲಂದಿ, ಹೂಂ ಅಂದೆ. ಎರಡನೇ ವರ್ಷ ಸರ್ವರ್ ಇಲ್ಲಂದಿ. ಅವ ಯಾವ ಊರಾಂವೋ, ಇರಲಿಕ್ಕಿಲ್ಲ ಅಂತ ಹೂಂ ಅಂದೆ. ಈಗ ಹನ್ನೆರಡು ಸಾವಿರ ಮಂದಿ ಅದಾರ ಅಂತಿ. ಕೊಡಾಕ ಮನಸಿಲ್ಲಂದ್ರ ಇಲ್ಲ ಅನ್ನು. ಇಷ್ಟು ಮಂದಿನ್ನ ಯಾಕ ಅಡ್ಡ ನಿಂದ್ರಸ್ತಿ?"

"ಅಕ್ಕಾ, ನಿನ್ನಾಣಿ, ನಾ ನಿಂದ್ರಸಿಲ್ಲ. ಅವರ ನಿಂತಾರ."

"ಅವ್ವ ಸತ್ತಾಗ ನಿನಗ ಆರು ವರ್ಷ. ಮೂಗು ಒರಸಿದಾಕಿ ನಾನು. ಆವಾಗ ಈ ಹನ್ನೆರಡು ಸಾವಿರ ಮಂದಿ ಎಲ್ಲಿ ಹೋಗಿದ್ರು?" ಶೇಖವ್ವ ತಲೆಯ ಮೇಲಿನ ಗಂಟು ಸರಿಪಡಿಸಿಕೊಂಡಳು. "ಕೇಳು. ಈ ಪಂಚಮಿಗೆ ನನ್ನ ಪಾಲು ನನಗ ಬರಲಿಲ್ಲಂದ್ರ, ನಾಗಪ್ಪಗ ಹಾಲು ಎರಿಯೂವಾಗ ತಮ್ಮನ ಪಾಲು ಅಂತ ನಾ ಅನ್ನಂಗಿಲ್ಲ. ಆ ಹೆಸರ ತಗ್ಯಂಗಿಲ್ಲ."

ಗುಡ್ಡಪ್ಪ ಕುಸಿದು ಕೂತ. ಹೊಲ ಹೋದರೆ ಇನ್ನೊಬ್ಬರ ಹೊಲದಲ್ಲಿ ದುಡಿದಾನು. ಅಕ್ಕನ ಬಾಯಿಂದ ಹೆಸರು ಹೋದರೆ ಮತ್ತೆ ಎಲ್ಲಿಂದ ತರುವುದು? ಹೊಲದಿಂದ ಹುಂಜ ಇನ್ನೊಮ್ಮೆ ಕೂಗಿತು. ಅವನಿಗೆ ಅಳು ಬಂತು, ಅತ್ತುಬಿಟ್ಟ. ಕಣ್ಣು ತೊಳೆದುಕೊಳ್ಳಲು ಅವನು ನೀರಿನ ತಂಬಿಗೆ ಎತ್ತಿಕೊಂಡಾಗ, ಅದರ ಮೇಲೆ ಕೊರೆದದ್ದನ್ನು ನೋಡಿ ಮಲ್ಲಿಕಾ ತಟ್ಟನೆ ಕೇಳಿದಳು.

"ಏನ್ರಿ, ನಿಮ್ಮ ಹೆಸರಿನ ಮುಂದ ಈ ನಗು ಮಾರಿ ಇರ್ತೈತಿ. ಉತಾರದಾಗ ಅದ ಜಾಗಾದಾಗ ಆ ನಂಬರ್ ಕುಂತೈತಿ. ಆ ಮಾರಿ ಎಲ್ಲಿ ಹೋತು?"

ಊರಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಮರುದಿನ ಮೊದಲ ಬಸ್ಸಿಗೆ ಗುಡ್ಡಪ್ಪ ಸವಣೂರಿಗೆ ಹೊರಟ. ಅವನ ಮಾತಿನ ಮೇಲೆ ನಂಬಿಕೆಯಿಲ್ಲದ ಶೇಖವ್ವ ಹಿಂದಿನ ಸೀಟಿನಲ್ಲೇ ಕೂತಳು. ಸಂಗತಿ ಕೇಳಿ ಇಸಾಕ ಎಲೆ ಅಗಿಯುವುದನ್ನೇ ನಿಲ್ಲಿಸಿದ.

"ಅಲ್ಲಾಹ್! ನಾ ಹಾಕಿದ್ದು ಒಂದು ನಗು, ಗುಡ್ಡಪ್ಪಣ್ಣ. ಮಂದಿನ್ನ ಹಾಕಿಲ್ಲ. ನಮ್ಮ ಸುಮೇರಾ ಶಿಗ್ಗಾಂವಿಯೊಳಗ ಕಂಪ್ಯೂಟರ್ ಕಲಸ್ತಾಳ. ಆಕಿನ್ನ ಕೇಳೂಣು ಬರ್ರಿ."

ಅಂಗಡಿಗೆ ಬೀಗ ಹಾಕಿ ಅವನೂ ಬಂದ. ಇಸಾಕನ ಮಗಳು ಸುಮೇರಾ ಉತಾರ ನೋಡಿದಳು, ತಂಬಿಗೆ ನೋಡಿದಳು, ತಂದೆಯ ಮುಖ ನೋಡಿದಳು. ಆಮೇಲೆ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ಅರ್ಧ ನಿಮಿಷ ನಕ್ಕಳು. ಗುಡ್ಡಪ್ಪ ಆ ಅರ್ಧ ನಿಮಿಷದಲ್ಲಿ ಅರ್ಧ ಸೇರು ಬೆವರಿದ.

"ಕಾಕಾ, ಕಂಪ್ಯೂಟರಿಗೆ ಅಕ್ಷರ ಬರಂಗಿಲ್ಲ, ಬರೇ ನಂಬರ್ ಬರ್ತೈತಿ. ಅದಕ್ಕ ಜಗತ್ತಿನ ಎಲ್ಲಾ ಭಾಷಾದ ಅಕ್ಷರಕ್ಕೂ ಒಂದೊಂದು ನಂಬರ್ ಕೊಟ್ಟಾರ, ಹೊಲಕ್ಕ ಸರ್ವೆ ನಂಬರ್ ಇದ್ದಂಗ. ನಿಮ್ಮ ಗುಡ್ಡಪ್ಪನ ‘ಗ’ ಐತೆಲ್ಲ, ಅದು ಮೂರು ಸಾವಿರದ ಎರಡ್ನೂರಾ ಇಪ್ಪತ್ಮೂರು. ನಮ್ಮ ಅಬ್ಬಾ ಹಾಕಿಕೊಟ್ಟಾರಲ್ಲ, ಇದು ನಗು ಮಾರಿ ಅಲ್ಲ. ಇದು ಜಪಾನಿನವರ ಅಕ್ಷರ. ಕಟಾಕಾನಾ ಅಂತಾರ ಆ ಲಿಪಿಗೆ. ಇದನ್ನ ‘ತ್ಸು’ ಅಂತ ಓದ್ತಾರ. ನೋಡಾಕ ನಕ್ಕಂಗ ಕಾಣ್ತೈತಿ ಅಂತ ಮಂದಿ ಹೆಸರಿನ ಮುಂದ ಹಾಕ್ಕೋತಾರ. ಇದರ ಸರ್ವೆ ನಂಬರ್..."

"ಹನ್ನೆರಡು ಸಾವಿರದ ನಾನೂರಾ ಎಂಬತ್ನಾಲ್ಕು" ಎಂದರು ಗುಡ್ಡಪ್ಪ, ಇಸಾಕ, ಶೇಖವ್ವ ಮೂವರೂ ಒಟ್ಟಿಗೆ.

"ಹೌದು. ಉತಾರ ತೆಗಿಯೂ ಕಂಪ್ಯೂಟರಿಗೆ ಕನ್ನಡ, ಇಂಗ್ಲಿಷ್ ಗೊತ್ತು. ಜಪಾನಿ ಅಕ್ಷರ ಕಂಡು ಗಾಬರಿ ಆಗಿ, ಮಾರಿ ಬಿಟ್ಟು ನಂಬರ್ ಬರದು ಕುಂತೈತಿ. ಈ ಸುರುಳಿ ಅಂದ್ರ ‘ಮತ್ತು’ ಅಲ್ಲ. ಮುಂದ ಅಕ್ಷರದ ನಂಬರ್ ಬರ್ತೈತಿ ಅಂತ. ಕಡೀದು ‘ಮುಗೀತು’ ಅಂತ."

"ಮುಗೀತು ಅಂತಾ? ತಲಾಠಿ ಸಾಹೇಬ್ರು ಇನ್ನೂ ಅದಾರ ಅಂದ್ರಲ್ಲವಾ!"

"ಯಾರೂ ಇಲ್ಲ ಕಾಕಾ. ಹೊಲದಾಗ ನೀವು ಒಬ್ರ ಅದೀರಿ."

ಗುಡ್ಡಪ್ಪನಿಗೆ ಎಷ್ಟೋ ದಿನದ ಮೇಲೆ ಉಸಿರು ಹೊಟ್ಟೆಯತನಕ ಇಳಿಯಿತು. ಅವನು ಅಕ್ಕನ ಕಡೆ ನೋಡಿದ. ಶೇಖವ್ವನಿಗೆ ಅಕ್ಷರ ಅಷ್ಟಕ್ಕಷ್ಟೇ, ಅಂಕಿ ಮಾತ್ರ ಗಟ್ಟಿ. ರೊಟ್ಟಿಯ ಕಟ್ಟು ಎಣಿಸಿ, ಬಸ್ಸಿನ ನಂಬರು ಓದಿ ಬಂದ ವಿದ್ಯೆ ಅದು.

"ನನ್ನ ಹೆಸರಿಗೂ ನಂಬರ್ ಐತೇನವಾ? ತಗಿ ನೋಡೂಣು" ಎಂದಳು.

ಸುಮೇರಾ ಅಕ್ಕ ತಮ್ಮ ಇಬ್ಬರ ಹೆಸರನ್ನೂ ನಂಬರು ಮಾಡಿ ತೆರೆಯ ಮೇಲೆ ಒಂದರ ಕೆಳಗೊಂದು ಇಟ್ಟಳು. ಶೇಖವ್ವ ಬೆರಳಿಟ್ಟು ಎರಡೂ ಸಾಲು ಓದಿ ಒಂದು ಕಡೆ ನಿಂತಳು.

"ಮೂರು ಸಾವಿರದ ಎರಡ್ನೂರಾ ಎಪ್ಪತ್ತೇಳು. ಇದು ಇಬ್ಬರ ಹೆಸರಿನ್ಯಾಗೂ ಐತಲ್ಲ. ಇದೇನಿದು?"

"ಅದು ಅಕ್ಷರ ಅಲ್ರಿ ಅವ್ವಾರ. ಒತ್ತಕ್ಷರ ಬರೂವಾಗ ಒಂದಕ್ಕ ಇನ್ನೊಂದು ಕೂಡಸೂ ಗಂಟು."

"ಹೌದಾ?" ಶೇಖವ್ವ ಆ ಅಂಕಿಯ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು. "ನಮ್ಮವ್ವ ಇಟ್ಟ ಹೆಸರು. ಗಂಟು ಹಾಕೇ ಇಟ್ಟಾಳ."

ಬಸ್ಸಿನಲ್ಲಿ ಬರುವಾಗ ಅವಳು ತಮ್ಮನ ಪಕ್ಕದಲ್ಲಿ ಕೂತಳು. ರೊಟ್ಟಿಯ ಗಂಟು ಬಿಚ್ಚಿ ಶೇಂಗಾ ಚಟ್ನಿ ಹಚ್ಚಿ ಕೊಟ್ಟಳು. "ನಾ ನಂಬಿದೆ ಗುಡ್ಡ್ಯಾ. ಆದ್ರ ನಾ ನಂಬಿದ್ರ ಕಾಗದ ನಂಬತೈತೇನು?" ಎಂದಳು. ಅನುಭವಸ್ಥರ ಮಾತು ಸುಳ್ಳಾಗುವುದಿಲ್ಲ.

"ಏನಂದಿ? ಜಪಾನಾ?" ಫಕ್ಕೀರೇಶ ಕುರ್ಚಿಯಿಂದ ಎದ್ದೇ ನಿಂತರು.

"ಹೌದ್ರಿ. ಮಂದಿ ಅಲ್ರಿ, ಜಪಾನಿಂದು ಅಷ್ಟ ರೀ."

"ಅಷ್ಟ ಅಂತಿಯಲ್ಲೋ! ಇಷ್ಟು ದಿನ ಬರೇ ಜಂಟಿ ಖಾತೆ ಇತ್ತು. ಈಗ ಉತಾರದಾಗ ಪರದೇಶದವರು ಬಂದ್ರು. ಪರದೇಶದವರ ಹೆಸರಿಗೆ ಸಾಗುವಳಿ ಭೂಮಿ ಇರಂಗಿಲ್ಲ. ಮ್ಯಾಲಿನವರಿಗೆ ಗೊತ್ತಾತಂದ್ರ ಪೂರ್ತಿ ಜಪ್ತ!"

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎನ್ನುವುದು ಇದಕ್ಕೇ. ಹನ್ನೆರಡು ಸಾವಿರ ಮಂದಿಯನ್ನು ಹೊಲದಿಂದ ಓಡಿಸಿ ಬಂದ ಗುಡ್ಡಪ್ಪ ಒಂದೇ ಮಾತಿಗೆ ಒಬ್ಬ ಜಪಾನಿಯನ್ನು ಕರೆತಂದು ಕೂಡಿಸಿದ್ದ. ಅವನ ಬಾಯಿ ಒಣಗಿತು. ಅವನ ಕಣ್ಣ ಮುಂದೆ ಪೊಲೀಸರು, ಪಾಸ್‌ಪೋರ್ಟು, ವಿಮಾನ ಎಲ್ಲ ಒಟ್ಟಿಗೆ ಬಂದವು.

"ಒಂದ ದಾರಿ ಐತಿ" ಎಂದರು ಫಕ್ಕೀರೇಶ ಕರುಣೆಯಿಂದ. "ಗುರುವಾರ ತಹಶೀಲ್ದಾರ ಮೇಡಂ ಅವರು ಹೊಲದ ತಕರಾರಿಗೆ ಅದಾಲತ್ ಇಟ್ಟಾರ. ಅಲ್ಲಿ ಇಡ್ತೇನಿ. ಆದ್ರ ಕಾನೂನು ಕಾನೂನ. ಎದುರಿನ ಪಾರ್ಟಿಗೆ ನೋಟಿಸ್ ಕೊಡಬೇಕು."

ಹಾಗೆ ಹೊರಟ ನೋಟಿಸಿನಲ್ಲಿ ಹೀಗಿತ್ತು: ‘ಸದರಿ ಜಮೀನಿನ ಜಂಟಿ ಖಾತೆದಾರರೆನ್ನಲಾದ 12484 ಇವರು ಗುರುವಾರ ಮುಂಜಾನೆ ಹನ್ನೊಂದು ಗಂಟೆಗೆ ಖುದ್ದಾಗಿ ಹಾಜರಿದ್ದು ತಮ್ಮ ಹೇಳಿಕೆ ಸಲ್ಲಿಸತಕ್ಕದ್ದು. ಗೈರುಹಾಜರಾದಲ್ಲಿ ಪ್ರಕರಣವನ್ನು ದೀಪಾವಳಿ ನಂತರದ ಅದಾಲತ್ತಿಗೆ ಮುಂದೂಡಲಾಗುವುದು.’ ಪಂಚಮಿ ಇದ್ದದ್ದು ಆ ಗುರುವಾರದ ನಂತರದ ಭಾನುವಾರ.

ನೋಟಿಸು ತಂದ ವಾಲೀಕಾರ ಬಾಗಿಲಲ್ಲಿ ನಿಂತು, "ಹನ್ನೆರಡು ಸಾವಿರದ ನಾನೂರಾ ಎಂಬತ್ನಾಲ್ಕು ಅವರ ಮನಿ ಇದೇನ್ರಿ?" ಎಂದು ಕೇಳಿದ.

"ಇದ ನೋಡಪಾ" ಎಂದಳು ಮಲ್ಲಿಕಾ. "ಒಳಗ ಜಾಗಾ ಸಾಲದ ಹೊಲದಾಗ ಅದಾರ."

ವಾಲೀಕಾರ ಹೊಲಕ್ಕೆ ಹೋಗಿ ಹುಂಜದ ಗೂಟಕ್ಕೆ ನೋಟಿಸು ಅಂಟಿಸಿ ಬಂದ.

ಗುರುವಾರ ಕಚೇರಿಯ ಪಡಸಾಲೆ ತುಂಬಿಹೋಗಿತ್ತು. ಮೂವರು ಗುಡ್ಡಪ್ಪಂದಿರೂ ಬಂದಿದ್ದರು. ಹುಲಗೇಶ ಇಸ್ತ್ರಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿದ್ದ. ಇಸಾಕ, ಸುಮೇರಾ ಬಂದರು. ಸುಮೇರಾಳ ಕೈಯಲ್ಲಿ ಅಕ್ಷರಗಳ ನಂಬರಿನ ಪಟ್ಟಿಯ ಮುದ್ರಿತ ಹಾಳೆ. ಗುಡ್ಡಪ್ಪನಿಗೆ ಬಾಯಿ ಒಣಗುವ ಕಾಯಿಲೆ ಹತ್ತಿದ್ದರಿಂದ ಮಲ್ಲಿಕಾ ತಂಬಿಗೆಯಲ್ಲಿ ನೀರು ತುಂಬಿ ಕೈಗೆ ಕೊಟ್ಟಿದ್ದಳು. ಶೇಖವ್ವ ಗೋಡೆಗೆ ಒರಗಿ ನಿಂತಿದ್ದಳು. ಮೇಡಂ ಕಡತ ಓದುತ್ತ ಓದುತ್ತ ಹುಬ್ಬು ಮೇಲಕ್ಕೆ ಕಳಿಸಿದರು. ಅದು ಮತ್ತೆ ಕೆಳಗೆ ಬರಲಿಲ್ಲ.

"ಕರೀರಿ" ಎಂದರು.

ಜವಾನ ಬಾಗಿಲಿಗೆ ಬಂದು ಬಯಲಿಗೆ ಮುಖ ಮಾಡಿ ಕೂಗಿದ. "ಹನ್ನೆರಡು ಸಾವಿರದ ನಾನೂರಾ ಎಂಬತ್ನಾಲ್ಕೂ! ಹಾಜರ್ ಅದೀರೇನ್ರೀ?"

ಹುಲಗೇಶ ಎದ್ದ. "ಅದರಾಗ ನಾ ಒಬ್ಬ ಅದೇನ್ರಿ ಮೇಡಂ."

ಮೇಡಂ ಕಡತದಿಂದ ತಲೆ ಎತ್ತಲಿಲ್ಲ. "ಇಲ್ಲಿ ಜಪಾನಿನವರು ಅಂತ ಬರದಾರ. ನೀವು ಜಪಾನಿನವರೇನು?"

"ಅಲ್ರಿ. ನಮ್ಮದು ಮೊದಲಿಂದ ಇಲ್ಲೇ ರೀ."

"ಹಂಗಾರ ಕುಂದರ್ರಿ."

ಹುಲಗೇಶ ಕೂತ. ಜವಾನ ಎರಡನೆಯ ಸಲ ಕೂಗಿದ. ಹೊರಗೆ ಒಂದು ಬಸ್ಸು ಹಾರ್ನ್ ಹಾಕಿತು, ಯಾರೂ ಬರಲಿಲ್ಲ. ಮೇಡಂ ಪೆನ್ನು ತೆರೆದರು. "ಮೂರನೇ ಸಲ ಕರೀರಿ. ಬರಲಿಲ್ಲಂದ್ರ ದೀಪಾವಳಿ ಆದ ಮ್ಯಾಲೆ."

ಗುಡ್ಡಪ್ಪ ಅಕ್ಕನ ಕಡೆ ನೋಡಿದ. ಅವಳು ಅವನ ಕಡೆ ನೋಡುತ್ತಿರಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಭಾನುವಾರದ ಹಾಲು, ಹೇಳದೆ ಬಿಟ್ಟ ಹೆಸರು, ಮುಂದಿನ ವರ್ಷ ಬಾರದ ಅಕ್ಕ, ಎಲ್ಲವೂ ಅವನ ತಲೆಯಲ್ಲಿ ಗಿರ್ರನೆ ತಿರುಗಿತು. ಜವಾನ ಗಂಟಲು ಸರಿಮಾಡಿಕೊಂಡು ಕೊನೆಯ ಸಲ ಕೂಗಿದ.

"ಹನ್ನೆರಡು ಸಾವಿರದ ನಾನೂರಾ ಎಂಬತ್ನಾಲ್ಕೂ!"

"ಹಾಜರ್ ಅದೇನ್ರೀ!"

ಕೂಗಿದವನು ಗುಡ್ಡಪ್ಪ. ಯಾಕೆ ಕೂಗಿದ ಎಂದು ಅವನಿಗೂ ತಿಳಿಯಲಿಲ್ಲ. ಕೈಯಲ್ಲಿದ್ದ ತಂಬಿಗೆಯ ನೀರು ಅರ್ಧ ಮೆಂಬರ್ ಗುಡ್ಡಪ್ಪನ ಮೇಲೆ ಚೆಲ್ಲಿತ್ತು.

"ನೀವು ಗುಡ್ಡಪ್ಪ ಅಲ್ಲೇನು?" ಎಂದರು ಮೇಡಂ.

"ಹೌದ್ರಿ. ಅವನೂ ನಾನ ರೀ, ಇವನೂ ನಾನ ರೀ. ಊರಾಗ ನಾಕ ಮಂದಿ ಗುಡ್ಡಪ್ಪ ಅದೇವ್ರಿ ಮೇಡಂ. ಅವ ಡ್ರೈವರ್, ಇವ ಎಮ್ಮಿ, ಈಗ ತೊಯ್ದಾನಲ್ಲ ಅವ ಮೆಂಬರ್. ನನಗ ಏನೂ ಇರಲಿಲ್ರಿ. ಇನ್ನೊಬ್ಬ ಇನ್ನೊಬ್ಬ ಅಂತಿದ್ರು. ಅದಕ್ಕ ಇದೊಂದು ಹಾಕ್ಕೊಂಡೆ ರೀ. ನಗತೈತಿ ಅಂತ ಹಾಕ್ಕೊಂಡೆ. ಅದು ಜಪಾನಿಂದು ಅಂತ ನನಗ ಗೊತ್ತಿರಲಿಲ್ರಿ, ಅದಕ್ಕೂ ನಾ ಗುಡ್ಡಪ್ಪ ಅಂತ ಗೊತ್ತಿರಲಿಕ್ಕಿಲ್ರಿ. ನಮ್ಮಕ್ಕನ ಹತ್ತು ಗುಂಟೆ ಆಕಿಗೆ ಕೊಡಸ್ರಿ. ಉಳದದ್ದು ಬೇಕಾದ್ರ ಜಪ್ತ ಮಾಡ್ರಿ."

ಮೇಡಂ ಕೈ ಚಾಚಿದರು. "ಆ ತಂಬಿಗಿ ಕೊಡ್ರಿ ಇಲ್ಲೆ."

ತಂಬಿಗೆಯ ಮೇಲೆ ಕೊರೆದದ್ದನ್ನು ನೋಡಿದರು. ಸುಮೇರಾ ತಂದ ಹಾಳೆಯಲ್ಲಿ ಅದೇ ಆಕೃತಿಯ ಮುಂದೆ ಅದೇ ನಂಬರು ಇದ್ದದ್ದನ್ನು ನೋಡಿದರು. ನಂತರ ಉತಾರ ನೋಡಿದರು. ಮೇಲೆ ಹೋಗಿದ್ದ ಹುಬ್ಬು ಆಗ ಕೆಳಗೆ ಬಂತು.

"ಫಕ್ಕೀರೇಶ, ಒಬ್ಬನ ಮನುಷ್ಯಾಗ ಎರಡು ಹೆಸರಿದ್ರ ರೆಕಾರ್ಡಿನ್ಯಾಗ ಏನಂತ ಬರೀತೀರಿ?"

"ಉರ್ಫ್ ಅಂತ ಬರೀತೇವ್ರಿ ಮೇಡಂ. ಆದ್ರ ಈ ಉರ್ಫ್ ಜಪಾನಿಂದು..."

"ನಿಮ್ಮ ಹೆಸರಿನ್ಯಾಗ ಅರ್ಧಾ ಫಕೀರ, ಅರ್ಧಾ ಈಶ. ಯಾರರ ಜಪ್ತ ಮಾಡಾಕ ಬಂದಿದ್ರೇನು?"

ಫಕ್ಕೀರೇಶ ಸ್ವಲ್ಪ ಯೋಚಿಸಿ, ಯಾರೂ ಬಂದಿರಲಿಲ್ಲ ಎಂದು ಒಪ್ಪಿಕೊಂಡರು.

ಆದೇಶ ಅಲ್ಲಿಯೇ ಬರೆದಾಯಿತು. ‘ಗುಡ್ಡಪ್ಪ ಉರ್ಫ್ 12484 ಎಂಬುವರು ಒಬ್ಬರೇ ವ್ಯಕ್ತಿಯಾಗಿದ್ದು, ಇಬ್ಬರೂ ಹಾಜರಿದ್ದು, ಹತ್ತು ಗುಂಟೆ ಜಮೀನನ್ನು ಅಕ್ಕ ಶೇಖವ್ವ ಇವರಿಗೆ ಬಿಟ್ಟುಕೊಡಲು ಇಬ್ಬರೂ ಒಪ್ಪಿರುತ್ತಾರೆ.’ ಗುಡ್ಡಪ್ಪ ಎರಡು ಸಹಿ ಹಾಕಬೇಕಾಯಿತು. ಮೊದಲನೆಯದರಲ್ಲಿ ಅವಸರಕ್ಕೆ ಹೆಸರು ಸೊಟ್ಟಗಾಯಿತು. ಎರಡನೆಯದರಲ್ಲಿ ಎರಡು ಸಣ್ಣ ಗೆರೆ ಎಳೆದು, ಕೆಳಗೆ ಒಂದು ಉದ್ದ ಗೆರೆಯನ್ನು ನಿಧಾನವಾಗಿ ಬಾಗಿಸಿದ. ಸರಕಾರಿ ಕಾಗದದ ಮೇಲೆ ಅದು ಚೆನ್ನಾಗಿಯೇ ನಕ್ಕಿತು. ಶುಕ್ರವಾರ ನೋಂದಣಿಯೂ ಮುಗಿಯಿತು. ಹುಲಗೇಶ ಹುಂಜ ಬಿಚ್ಚಿಕೊಂಡು ಹೋದ, ಗೂಟ ಮಾತ್ರ ಮುಂದೆ ಎಂದಾದರೂ ಬೇಕಾದೀತು ಎಂದು ಬಿಟ್ಟುಹೋದ. ಆ ವಾರವೇ ಒಂದು ಮದುವೆ ಕಾರ್ಡು ಬಂತು. ಮೇಲೆ ‘ಶ್ರೀ ಉರ್ಫ್ ಗುಡ್ಡಪ್ಪನವರಿಗೆ’ ಎಂದು ಬರೆದಿತ್ತು. ಗುಡ್ಡಪ್ಪ ಅದನ್ನು ದೇವರ ಮುಂದಿಟ್ಟ.

ಭಾನುವಾರ ಊರ ಹೊರಗಿನ ಕಲ್ಲ ನಾಗಪ್ಪನ ಮುಂದೆ ಹೆಣ್ಣುಮಕ್ಕಳ ಸಾಲು. ಶೇಖವ್ವ ಆ ತಂಬಿಗೆಯಲ್ಲೇ ಹಾಲು ತಂದಿದ್ದಳು. ಕೊಬ್ಬರಿ ಬಟ್ಟಲಿನಿಂದ ಹಾಲು ಎತ್ತಿ ಎರೆಯತೊಡಗಿದಳು.

"ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು."

ಅಲ್ಲಿ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕೆಲಸ ಆಗಿದೆ, ಕಾಗದ ಅವಳ ಪೆಟ್ಟಿಗೆಯಲ್ಲಿದೆ ಎಂದು ಗೊತ್ತಿದ್ದರೂ ಹಿಂದೆ ನಿಂತ ಗುಡ್ಡಪ್ಪ ಮೈಯೆಲ್ಲ ಕಿವಿಯಾಗಿ ಒಂದು ಹೆಜ್ಜೆ ಮುಂದೆ ಸರಿದ.

"ನನ್ನ ತಮ್ಮನ ಪಾಲು" ಎಂದಳು ಶೇಖವ್ವ, ಗಟ್ಟಿಯಾಗಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ.

ಗುಡ್ಡಪ್ಪ ಕಣ್ಣು ಮುಚ್ಚಿ ಕೈ ಮುಗಿದ. ಬಿಟ್ಟು ನೋಡುವಷ್ಟರಲ್ಲಿ ಅಕ್ಕ ಬಟ್ಟಲನ್ನು ಪಕ್ಕಕ್ಕಿಟ್ಟು ತಂಬಿಗೆಯನ್ನೇ ಎರಡೂ ಕೈಯಿಂದ ಎತ್ತಿದ್ದಳು.

"ಇದು ಹನ್ನೆರಡು ಸಾವಿರದ ನಾನೂರಾ ಎಂಬತ್ನಾಲ್ಕರ ಪಾಲು" ಎಂದು ಉಳಿದ ಹಾಲನ್ನೆಲ್ಲ ಸುರಿದಳು. "ಬಾಳ ಮಂದಿ ಅದಾರವಾ, ಸಾಲಬೇಕಲ್ಲ."